ನಾನು ನೆಡದ ನುಗ್ಗೆ

ಯಾರಾದರೂ ಇಂಥ ಸಂಗತಿ ಹೇಳಿದರೆ ನಾನು ನಕ್ಕು ಮಾತು ಬದಲಿಸುತ್ತಿದ್ದೆ. ಈಗ ನಾನೇ ಹೇಳಹೊರಟಿದ್ದೇನೆ. ನೀವು ನಕ್ಕರೂ ನನಗೆ ಬೇಸರವಿಲ್ಲ.

ಕೆಲವು ವರ್ಷಗಳ ಹಿಂದೆ ನಾವು ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿದ್ದೆವು. ಮಳೆಗಾಲ ಶುರುವಾಗುವಾಗ ಮೆಟ್ಟಿಲಿನಿಂದ ಬಿದ್ದು ಕಾಲು ಮುರಿದುಕೊಂಡೆ. ಆ ಮಳೆಗಾಲವೆಲ್ಲ ಹಾಸಿಗೆಯಲ್ಲೇ ಕಳೆಯಿತು. ಹೊತ್ತು ಹೋಗದೆ ಮನಸ್ಸಿನಲ್ಲೇ ಒಂದು ತೋಟ ಮಾಡತೊಡಗಿದೆ. ಉಣ್ಣುವುದನ್ನೆಲ್ಲ ನಾವೇ ಬೆಳೆದುಕೊಳ್ಳಬೇಕು, ಒಂದು ಎಮ್ಮೆ ಇರಬೇಕು, ಅಡುಗೆಮನೆಯ ಹಿಂದೆ ಬಚ್ಚಲ ಕಾಲುವೆಯ ಪಕ್ಕ ಎಲ್ಲಕ್ಕಿಂತ ಮೊದಲು ಒಂದು ನುಗ್ಗೆ ನೆಡಬೇಕು. ತೋಟದ ಆಸೆಯನ್ನು ನನ್ನ ಯಜಮಾನರಿಗೆ ಹೇಳಿದೆ. ಅವರಿಗೂ ಆ ಹುಚ್ಚು ಹಿಡಿಯಿತು. ನುಗ್ಗೆಯ ಮಾತು ಮಾತ್ರ ಯಾರ ಹತ್ತಿರವೂ ಆಡಿರಲಿಲ್ಲ. ಹೇಳುವಂಥ ದೊಡ್ಡ ಸಂಗತಿಯೂ ಅದಾಗಿರಲಿಲ್ಲ.

ಬೇಸಿಗೆಯಲ್ಲಿ ನೀರಿರುವ ಕಡೆ ವರ್ಷವಿಡೀ ಬದುಕಬಹುದು ಎಂದು ಅವರು ಮುಂದಿನ ಬೇಸಿಗೆಯ ಬಿಸಿಲಲ್ಲೇ ನನ್ನನ್ನು ಜಾಗ ನೋಡಲು ಹೊರಡಿಸಿದರು. ಮೊದಲು ನೋಡಿದ ಹದಡಿ ಊರಿನ ಹೊಲ ಚೆನ್ನಾಗಿತ್ತು, ಆದರೆ ಬಾವಿ ಒಣಗಿತ್ತು. ಆಮೇಲೆ ಹರಿಹರ ತಾಲ್ಲೂಕಿನ ಕಡರನಾಯಕನಹಳ್ಳಿಗೆ ಹೋದೆವು. ನಾನು ಆ ಊರಿಗೆ ಹೋದದ್ದು ಅದೇ ಮೊದಲು. ಅವರು ಬಾವಿಯ ಕಡೆ ನಡೆದರು. ನನಗೆ ಕಾಲು ಸೋತು, ಹೊಲದಲ್ಲಿದ್ದ ಖಾಲಿ ಹೆಂಚಿನ ಮನೆಯ ಕಟ್ಟೆಯ ಮೇಲೆ ಕೂತೆ.

ಪಕ್ಕದ ಹೊಲದಿಂದ ಒಬ್ಬ ವಯಸ್ಸಾದ ಹೆಂಗಸು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. ಹೆಸರು ಗಿರಿಜವ್ವ ಎಂದು ಆಮೇಲೆ ತಿಳಿಯಿತು.

"ಈಗ ಬಂದ್ರೇನು ಅಕ್ಕಾ? ಕಾಲಿಗೆ ಏನಾತು? ಹೋದ ಮಳೆಗಾಲದಾಗ ಬಂದಾಗ ಚೆಂದ ನಡೀತಿದ್ರಲ್ಲ."

ಬೇರೆ ಯಾರೋ ಎಂದುಕೊಂಡಿದ್ದಾರೆ ಅನ್ನಿಸಿತು. ನಾನು ಬಂದೇ ಇಲ್ಲ ಎಂದೆ. ಅವರು ನಕ್ಕು, ಕೈ ಹಿಡಿದು ಮನೆಯ ಹಿಂದಕ್ಕೆ ಕರೆದೊಯ್ದರು.

"ನೀವು ನೆಟ್ಟಿದ್ದು ಒಣಗಬಾರ್ದು ಅಂತ ದಿನಾ ಕೊಡ ಹೊತ್ತು ನೀರು ಹಾಕೀನಿ, ನೋಡ್ರಿ."

ಬಚ್ಚಲ ಕಾಲುವೆಯ ಪಕ್ಕ, ನನಗಿಂತ ಎತ್ತರವಾಗಿ, ಹೂ ಬಿಟ್ಟ ನುಗ್ಗೆ.

ಕೊಂಬೆಯೊಂದನ್ನು ಮುಟ್ಟಿ ನೋಡಿದೆ. ನನಗಾದದ್ದು ಹೆದರಿಕೆಯಲ್ಲ. ಗುರುತಿಲ್ಲದ ಒಂದು ಜೀವ ನನ್ನ ಹೆಸರಿನಲ್ಲಿ ಇಡೀ ಬೇಸಿಗೆ ನೀರು ಹೊತ್ತಿತ್ತು.

ಯಜಮಾನರು ಬಂದಾಗ ಎಲ್ಲವನ್ನೂ ಹೇಳಿದೆ. ಆ ಮಳೆಗಾಲದಲ್ಲಿ ನನ್ನನ್ನು ಎತ್ತಿ ಕೂಡಿಸುತ್ತಿದ್ದವರು ಅವರೇ. ಗಿಡದ ಸುತ್ತ ಒಮ್ಮೆ ನಡೆದು ಬಂದು, "ಬಾವಿ ಚಲೋ ಐತೆ. ಆದ್ರೆ ನಿಂಗೆ ಹೆದರಿಕೆ ಅನ್ಸಿದ್ರೆ ಬ್ಯಾಡ ಬಿಡು" ಎಂದರು. ತೆಗೆದುಕೊಳ್ಳೋಣ ಎಂದೆ.

ಈಗ ನಾವು ಅಲ್ಲೇ ಇದ್ದೇವೆ. ಉಪ್ಪು, ಎಣ್ಣೆ, ಚಹಾಪುಡಿ ಬಿಟ್ಟರೆ ಹರಿಹರದ ಅಂಗಡಿಯ ಹಂಗು ಹೆಚ್ಚಿಲ್ಲ. ಒಂದು ಸಂಜೆ ಗಿರಿಜವ್ವನಿಗೆ ನಾನು ಹಾಸಿಗೆ ಹಿಡಿದಿದ್ದನ್ನು ಬಿಡಿಸಿ ಹೇಳಿದೆ. ಜೋಳ ಕೇರುತ್ತಿದ್ದ ಅವರು ಮೊರವನ್ನು ತೊಡೆಯ ಮೇಲಿಟ್ಟುಕೊಂಡರು.

"ನೀವು ಮಲಗಿದ್ದೂ ಖರೇನೇ ಇರ್ಬೋದು. ಆದ್ರೆ ನನ್ನ ಕೈಯಾಗಿನ ಚೊಂಬು ಇಸ್ಕೊಂಡು ನೀರು ಕುಡಿದವ್ರು ನೀವೇ, ಅಕ್ಕಾ."

ಗಿರಿಜವ್ವ ಸುಳ್ಳು ಹೇಳುವವರಲ್ಲ. ನಾನಂತೂ ಆ ಮಳೆಗಾಲದಲ್ಲಿ ಮನೆಯ ಹೊಸ್ತಿಲು ದಾಟಿರಲಿಲ್ಲ. ಈ ಎರಡನ್ನೂ ಒಟ್ಟಿಗೆ ಅರ್ಥ ಮಾಡಿಕೊಳ್ಳಲು ನನಗೆ ಇವತ್ತಿಗೂ ಆಗಿಲ್ಲ.