ಮೀನ ಮೇಷ ಎಣಿಸಿದ ಮಾಸ್ತರ

ಹೋದ ವಾರ ಮುದ್ದೇಬಿಹಾಳದ ನಮ್ಮ ಹೈಸ್ಕೂಲಿನ ಬೋರ್ಡಿನ ಮೇಲೆ ಒಂದು ಇಂಗ್ಲಿಷ್ ಕ್ರಿಯಾಪದ ಬರೆದೆ. ವ್ಯಾಸಿಲೇಟ್. ಅರ್ಥವನ್ನೂ ಠೀವಿಯಿಂದಲೇ ಹೇಳಿದೆ: ಹೌದೋ ಅಲ್ಲವೋ ಎಂದು ತೀರ್ಮಾನಕ್ಕೆ ಬರಲಾಗದೆ ಹೊಯ್ದಾಡುವುದು. ನಮ್ಮ ಮಾತಿನಲ್ಲಿ, ಮೀನ ಮೇಷ ಎಣಿಸುವುದು.

'ಒಂದು ಉದಾಹರಣೆ ಕೊಡ್ರಿ ಸರ್' ಎಂದಿತು ಕ್ಲಾಸು.

ಉದಾಹರಣೆ ನನ್ನ ಕೋಟಿನ ಕಿಸೆಯಲ್ಲೇ ಇತ್ತು. (ತೆಗೆದು ತೋರಿಸುವ ಧೈರ್ಯ ಇರಲಿಲ್ಲ.)

ಅದು ನನ್ನ ತಂಗಿ ಶಾಂತವ್ವನಿಗೆ ವಿಜಾಪುರದ ಶಿಕ್ಷಕಿಯರ ಟ್ರೇನಿಂಗ್ ಕಾಲೇಜಿನಿಂದ ಬಂದ ಪತ್ರ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದ ಹುಡುಗಿ. ಎರಡು ವರ್ಷ ಕಲಿತರೆ ಸಾಲಿಯ ಅಕ್ಕೋರು ಆಗುತ್ತಾಳೆ. ಈ ವಾರದ ಶುಕ್ರವಾರದೊಳಗೆ ಹಾಜರಾಗದಿದ್ದರೆ ಸೀಟು ಇನ್ನೊಬ್ಬರ ಪಾಲು. ಅದೇ ಹೊತ್ತಿಗೆ ಮಸೂತಿ ಎಂಬ ಊರಿನಿಂದ ಒಳ್ಳೆಯ ಮನೆತನದ ಸಂಬಂಧ ಬರಬೇಕೆ? 'ಲಗೂನ ಮದುವಿ ಮಾಡಿ ಕೊಡ್ರಿ, ಕಾಲೇಜು ಗೀಲೇಜು ಬ್ಯಾಡ್ರಿ' ಅನ್ನುವುದು ಅವರ ಶರತ್ತು.

ಅಪ್ಪ ಇಲ್ಲದ ಮನೆ. ಹಿರಿಯ ನಾನೇ. ಬೆಳಿಗ್ಗೆ ಚಹಾ ಕುಡಿಯುವಾಗ ಕಾಲೇಜು ಸರಿ ಅನ್ನಿಸುತ್ತಿತ್ತು, ಸಂಜೆ ನಾಲ್ಕು ಜನರ ಜತೆ ಕಟ್ಟೆ ಮೇಲೆ ಕೂತು ಬಂದರೆ ಮಸೂತಿ. ಶಾಂತವ್ವ ದಿನಾ ಟ್ರಂಕಿನ ಧೂಳು ಒರೆಸಿ ಇಡುತ್ತಿದ್ದಳು. ಅದನ್ನು ನೋಡಲಾಗದೆ ನಾನು ಹೊರಗೆ ಹೋಗಿಬಿಡುತ್ತಿದ್ದೆ.

ಎಂಟು ದಿನ ಹೀಗೇ ಕಳೆದ ಮೇಲೆ ಅವ್ವ ಅಂದಳು, 'ನಡಿ ತಮ್ಮಾ, ತಂಗಡಗಿಗೆ ಹೋಗಿ ದೇವರಿಗೆ ಹೂ ಹಚ್ಚಿ ಕೇಳೂಣು.'

ನನಗೆ ಹೋದ ಜೀವ ಬಂತು. ದೇವರ ಎರಡೂ ಭುಜಕ್ಕೆ ಹೂ ಹಚ್ಚುತ್ತಾರೆ. ಬಲಗಡೆಯದು ಬಿದ್ದರೆ ಆಗಲಿ, ಎಡದ್ದು ಬಿದ್ದರೆ ಬೇಡ. ಬಿ.ಎ. ಓದಿದವನಿಗೆ ಇದಕ್ಕಿಂತ ಅನುಕೂಲ ಇನ್ನೇನಿದೆ? ನಾಳೆ ಯಾರಾದರೂ ಬೈದರೆ ದೇವರ ಕಡೆ ಕೈ ತೋರಿಸಿದರಾಯ್ತು.

ರವಿವಾರ ಗುಡಿಯಲ್ಲಿ ಪೂಜಾರಿ ಹೂ ಹಚ್ಚಿದ. 'ಏನಂತ ಕೇಳ್ಲಿ ಯವ್ವಾ?'

'ಬಲಕ್ಕ ಬಿದ್ರ ಹುಡುಗೀನ ನಾಳೆ ಕಾಲೇಜಿಗೆ ಕಳಸ್ತೇವಿ. ಎಡಕ್ಕ ಬಿದ್ರ ಗುರುವಾರ ಕಳಸ್ತೇವಿ.'

ನಾನು ಅವ್ವನ ಸೆರಗು ಜಗ್ಗಿದೆ. 'ಕಳಸೂದೋ ಬ್ಯಾಡೋ ಅಂತ ಕೇಳಬೇಕಲ್ಲ ಬೇ?'

'ಅದನ್ಯಾಕ ಕೇಳ್ಲಿ? ಪರೀಕ್ಷಾ ಬರದಾಕಿ ಆಕಿ. ಪಾಸಾಗ್ಯಾಳ. ಇನ್ನ ದೇವರು ನಪಾಸ್ ಮಾಡ್ತಾನೇನು?'

ಕಾದೆವು. ಬಲದ ಹೂವೂ ಬೀಳಲಿಲ್ಲ, ಎಡದ್ದೂ ಬೀಳಲಿಲ್ಲ. (ನನ್ನ ರೋಗ ದೇವರಿಗೂ ಅಂಟಿತೋ ಏನೋ.) 'ಇನ್ನೊಂದ್ ತಾಸು ಕೂಡ್ರಿ' ಅಂದ ಪೂಜಾರಿ. ಅವ್ವ ಮೊಣಕಾಲು ಹಿಡಿದುಕೊಂಡು ಎದ್ದೇಬಿಟ್ಟಳು.

'ದೇವರಿಗೆ ಎರಡೂ ದಿನ ಬರೋಬ್ಬರಿ ಅದಾವಂತ. ನಾಳೆನ ಕಳಸೂಣು.'

ಸಹಿ ಮಾಡಲೂ ಬಾರದ ಹೆಂಗಸು. ದೇವರಿಗೆ ಕೈ ಮುಗಿಯುವುದನ್ನೂ ಬಿಡಲಿಲ್ಲ, ಮಗಳ ಕೈಯನ್ನೂ ಬಿಡಲಿಲ್ಲ. ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಹೆಮ್ಮೆಯಾಯಿತು.

ಸೋಮವಾರ ಶಾಂತವ್ವ ಟ್ರಂಕು ಹಿಡಿದು ಬಸ್ಸು ಹತ್ತಿದಳು. ಬಸ್ಸು ತಿರುವಿನಲ್ಲಿ ಮರೆಯಾಯಿತೋ ಇಲ್ಲವೋ, ನನ್ನ ಮೀನ ಮೇಷ ಮತ್ತೆ ಶುರು.

'ಯವ್ವಾ, ಮಸೂತಿಯವರಿಗೆ ಏನ್ ಹೇಳೂಣು?'

'ಎರಡ್ ವರ್ಷ ಕಾಯ್ರಿ ಅನ್ನು.'

'ಕಾಯದಿದ್ರ?'

ಅವ್ವ ಆಗಲೇ ಮನೆ ಕಡೆ ಹೊರಟಿದ್ದಳು. 'ಎರಡ್ ವರ್ಷ ಕಾಯಾಕ ಆಗದಾವಗ ಜೀವನಪೂರ್ತಿಗೆ ಮಗಳ್ನ ಕೊಡ್ತಾರೇನೋ?'