ಹೊನ್ನೂರಿನ ಅರಿಶಿನದ ಸ್ಯಾಂಪಲ್

ನಾಲ್ಕು ವರ್ಷಗಳ ಹಿಂದೆ ನಾನು ಕೊಳ್ಳೇಗಾಲದ ಒಂದು ರೈತ ಕಂಪನಿಯಲ್ಲಿ ಗುಣಮಟ್ಟ ಅಧಿಕಾರಿಯಾಗಿದ್ದೆ. ಹನೂರು, ಯಳಂದೂರು ಕಡೆಯ ಅರಿಶಿನವನ್ನು ಪುಡಿ ಮಾಡಿಸಿ ಬೆಂಗಳೂರಿಗೆ ಮಾರುತ್ತಿದ್ದೆವು. ಪೊಟ್ಟಣದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಬೆಳೆದವರ ಫೋಟೋ, ಲ್ಯಾಬ್ ವರದಿ, ಗಿರಣಿಯ ವಿವರ ಕಾಣುತ್ತಿತ್ತು. ಇದು ಬ್ಲಾಕ್‌ಚೈನ್ ದಾಖಲೆ. ಹಲವು ಕಂಪ್ಯೂಟರುಗಳಲ್ಲಿ ಒಟ್ಟಿಗೆ ಉಳಿಯುವುದರಿಂದ, ಒಮ್ಮೆ ಸೇರಿಸಿದ್ದನ್ನು ಯಾರೂ ಗುಟ್ಟಾಗಿ ತಿದ್ದಲಾರರು.

ಅಂಥ ಒಂದು ಪೊಟ್ಟಣದಲ್ಲಿ ಸೀಸ ಇದೆ ಎಂದು ಖರೀದಿದಾರರ ಲ್ಯಾಬ್ ಹೇಳಿತು. ಸೀಸ ಮಕ್ಕಳ ಮಿದುಳಿಗೇ ಹಾನಿ ಮಾಡುವ ಲೋಹ. ಪೊಟ್ಟಣದ ಮೇಲಿದ್ದುದು ಹೊನ್ನೂರಿನ ಮಹದೇವಮ್ಮನವರ ಹೆಸರು. ಗಿರಣಿಗೆ ಹೋಗುವ ಮೊದಲು ಅವರ ಮನೆಯಿಂದ ತಂದಿದ್ದ ಸ್ಯಾಂಪಲ್ಲಿನ ವರದಿಯೋ ಶುದ್ಧ. ಹಾಗಾದರೆ ಕಲಬೆರಕೆ ಗಿರಣಿಯಲ್ಲೇ ಆಗಿದೆ ಎಂದುಕೊಂಡೆ. ಗಿರಣಿಯವನ ಗುತ್ತಿಗೆ ರದ್ದು ಮಾಡುವ ಮೊದಲು ಇನ್ನೊಂದು ಸ್ಯಾಂಪಲ್ ಇರಲಿ ಎಂದು ಹೊನ್ನೂರಿಗೆ ಹೋದೆ.

ಅದೇ ಬೆಳೆಯ ಉಳಿದ ಮೂಟೆಗಳು ಜಗಲಿಯ ಮೇಲಿದ್ದವು. ಮಹದೇವಮ್ಮ ಅವನ್ನು ದಾಟಿಕೊಂಡು ಒಳಗೆ ಹೋಗಿ, ಮಡಕೆಯಿಂದ ಅರಿಶಿನದ ಕೊಂಬು ತೆಗೆದು ತಟ್ಟೆಯಲ್ಲಿಟ್ಟು ತಂದರು. ತಟ್ಟೆ ಹಿತ್ತಾಳೆಯದೋ ಸ್ಟೀಲಿನದೋ, ಈಗ ಆಣೆ ಮಾಡಿ ಹೇಳಲಾರೆ. ಮಾತುಗಳನ್ನು ಮಾತ್ರ ಅಂದೇ ಬರೆದುಕೊಂಡಿದ್ದೆ.

“ಮೂಟೆ ಇಲ್ಲೇ ಇದೆಯಲ್ಲಮ್ಮ?”

“ಅದು ಮಾರಾಕೆ ಸಾ. ಮನೆಗ್ ಬಂದೋರ್ಗೆ ಅದ ಕೊಟ್ಟಾರಾ? ಇದು ನಾವ್ ತಿನ್ನಾದು. ಓದ್ಸಲಾನೂ ಇದ್ನೇ ಕೊಟ್ಟಿದ್ದು.”

ಅಂದರೆ ಆ ಶುದ್ಧ ವರದಿ ಮೂಟೆಯದಲ್ಲ, ಮಡಕೆಯದು. ಎರಡಕ್ಕೂ ಏನು ವ್ಯತ್ಯಾಸ ಎಂದು ಕೇಳಿದೆ. ಅವರ ಗಂಡ ಬಸವಣ್ಣ ನಕ್ಕರು.

“ಮೂಟೇದು ಪಾಲಿಶ್ ಡ್ರಮ್ಮಿಗ್ ಓಗಿ ಬಂದದೆ ಸಾ. ಮೆಷಿನ್ನೋನು ಒಂದಿಡಿ ಅಳದಿ ಪೌಡರ್ ಆಕ್ತಾನೆ. ಇಲ್ದಿದ್ರೆ ಯಾರ್ ಮೂಸ್ತಾರೆ?”

ಕೊಂಬನ್ನು ಉಜ್ಜಿ ಹೊಳಪು ಕೊಡುವ ಡ್ರಮ್ಮಿಗೆ ಹಾಕುವ ಆ ಪುಡಿ ಲೆಡ್ ಕ್ರೋಮೇಟ್ ಎಂಬ ಬಣ್ಣ ಇರಬಹುದು, ಅದರಲ್ಲೇ ಸೀಸ ಇರುವುದು ಎಂದೆ. ಮಹದೇವಮ್ಮ ತಟ್ಟೆ ಕೆಳಗಿಟ್ಟು ಮೂಟೆಗಳ ಕಡೆ ತಿರುಗಿದರು.

“ವಿಸಾನಾ ಸಾ?”

“ಸುಮ್ಕಿರು ಮೇ, ರಿಪೋರ್ಟು ನಮ್ ಕಡೆ ಅದೆ,” ಎಂದರು ಬಸವಣ್ಣ.

ಅದು ನಿಜವೇ. ಅವರು ಬಾಯಿ ಬಿಡದಿದ್ದರೆ ನಮ್ಮ ದಾಖಲೆ ಗಿರಣಿಯವನನ್ನೇ ಅಪರಾಧಿ ಮಾಡುತ್ತಿತ್ತು.

“ಅದ್ರಲ್ಲಿ ನನ್ ಫೋಟೋ ಅದೆ ಕಣ್ರಿ!” ಎಂದು ಗಂಡನನ್ನು ಗದರಿ, ಆಕೆ ನನ್ನ ಕಡೆ ತಿರುಗಿದರು. “ಆ ರಿಪೋರ್ಟ ಅಳಿಸ್ಬುಡಿ ಸಾ.”

“ಅಳಿಸೋಕೆ ಆಗಲ್ಲಮ್ಮ. ಹೊಸದಾಗಿ ಸೇರಿಸಬಹುದು, ಅಷ್ಟೆ.”

“ಅಂಗಾದ್ರೆ ಸೇರ್ಸಿ. ಬಣ್ಣ ಆಕ್ಸಿದ್ವಿ, ಗೊತ್ತಿರ್ನಿಲ್ಲ ಅಂತ.”

ಮೂಟೆಯಿಂದ ತೆಗೆದ ಸ್ಯಾಂಪಲ್ಲಿನಲ್ಲಿ ಸೀಸ ಸಿಕ್ಕಿತು. ಪೊಟ್ಟಣಗಳನ್ನು ಅಂಗಡಿಗಳಿಂದ ವಾಪಸು ತರಿಸಿದೆವು. ಮುಚ್ಚಿಡುವವರಿಂದ ಸುಳ್ಳು ವರದಿ ಬರುತ್ತದೆಂದು ನನಗೆ ಗೊತ್ತಿತ್ತು. ಮನೆಯಲ್ಲಿರುವ ಒಳ್ಳೆಯದನ್ನೇ ಕೊಡಬೇಕೆನ್ನುವವರಿಂದಲೂ ಬರುತ್ತದೆ ಎಂಬುದು ಗೊತ್ತಿರಲಿಲ್ಲ. ಅಂದಿನಿಂದ ಯಾವ ವರದಿ ಕೈಗೆ ಬಂದರೂ, ಫಲಿತಾಂಶ ನೋಡುವ ಮೊದಲು ಇದನ್ನು ಎಲ್ಲಿಂದ ತೆಗೆದಿರಿ ಎಂದು ಕೇಳುತ್ತೇನೆ.