ಹೂ ಬಿಡುವ ಮೊದಲೇ ಸಾರಾದ ಗಿಡ

ಸ್ನೇಹಿತರೇ, ಬುಕ್ಕಾಂಬುಧಿ ಕೆರೆ ಏರಿಯ ಮೇಲಿದ್ದ ನನ್ನ ಗಿಡ ಇವತ್ತು ಹೋಯಿತು. ಒಂಬತ್ತು ದಿನದಿಂದ ಅಜ್ಜಂಪುರದಿಂದ ಸ್ಕೂಟರಿನಲ್ಲಿ ಹೋಗಿ ಅದರ ಫೋಟೊ ತೆಗೆಯುತ್ತಿದ್ದೆ. ಹೂವಿನ ಚಿತ್ರವಿಲ್ಲದೆ ಹೆಸರು ಹೇಳಲಾಗದು ಎಂದು ಗಿಡ ಗುರುತಿಸುವ ಆ್ಯಪಿನವರ ಹಟ. ಇನ್‌ಫ್ಲೋರಸೆನ್ಸ್, ಅಂದರೆ ಹೂಗೊಂಚಲು, ಬೇಕಂತೆ; ಕಾಲೇಜಿನಲ್ಲಿ ಓದಿದ ಪದ, ಸ್ಪೆಲ್ಲಿಂಗ್ ಈಗ ಕೇಳಬೇಡಿ. ಇವತ್ತು ಮೊಗ್ಗು ಬಂದಿರಬಹುದೆಂದು ಅರ್ಧ ಕಾಫಿ ಬಿಟ್ಟು ಓಡಿದೆ. ನೋಡಿದರೆ ನನ್ನ ಗಿಡ ಒಬ್ಬ ಹೆಂಗಸಿನ ಮಡಿಲಲ್ಲಿತ್ತು.

"ಮೇಡಂ, ಸ್ಟಾಪ್! ದಟ್ ಈಸ್ ಮೈ ಸ್ಪೆಸಿಮನ್!" ಗಾಬರಿಗೆ ನನ್ನ ಬಾಯಲ್ಲಿ ಇಂಗ್ಲಿಷೇ ಬಂತು.

"ಅಯ್ಯೋ, ಸೊಪ್ಪು ಕಣ್ರೀ ಇದು."

"ಇನ್ನೆರಡು ದಿನ ಬಿಟ್ಟಿದ್ರೆ ಹೂವಾಗ್ತಿತ್ತಲ್ಲಮ್ಮಾ!"

"ಹೂವಾದ್ರೆ ಕಹಿ ಬತ್ತದೆ. ಅದ್ಕೇ ಇವತ್ತೇ ಕಿತ್ತೆ."

"ಹೋಗ್ಲಿ, ಹೆಸರೇನು?"

"ಹೆಸರೆಲ್ಲಾ ಯಾರಿಗ್ಗೊತ್ತು? ಬೆರಕೆ ಸೊಪ್ಪಿಗೆ ಹಾಕೋದು. ನಿಮ್ಮನೇರ್ನ ಕೇಳಿ, ಹೇಳ್ತಾರೆ."

ನನ್ನಾಕೆ ತೀರಿಕೊಂಡು ನಾಲ್ಕು ವರ್ಷವಾಯಿತು ಎಂದೆ. ಆಕೆ ಮಡಿಲಿನಿಂದ ಅದೇ ಸೊಪ್ಪನ್ನು ಎರಡು ಹಿಡಿ ತೆಗೆದು ನನ್ನ ಕ್ಯಾಮೆರಾ ಚೀಲಕ್ಕೆ ತುರುಕಿದರು.

ಮಧ್ಯಾಹ್ನ ಬೇಳೆ ಹಾಕಿ ಸಾರು ಮಾಡಿದೆ. ಮೊದಲ ತುತ್ತಿಗೇ ಗುರುತು ಹತ್ತಿತು. ಮೂವತ್ತು ವರ್ಷ ಅವಳ ಕೈಯಲ್ಲಿ ಇದನ್ನೇ ಉಂಡವನು, ಇದು ಯಾವ ಸೊಪ್ಪು ಎಂದು ಒಂದು ದಿನವೂ ಕೇಳಲಿಲ್ಲ.

ಕೂತಲ್ಲಿ ಕೂರಲಾಗದೆ ಊಟದ ತಟ್ಟೆಯ ಫೋಟೊವನ್ನೇ ಆ್ಯಪಿಗೆ ಹಾಕಿದೆ. ಈಗಷ್ಟೇ ಉತ್ತರ ಬಂದಿದೆ: "ದಯವಿಟ್ಟು ಹೂವಿನ ಚಿತ್ರ ಸೇರಿಸಿ."